ನಾಲ್ಕನೇ ಜಂತೆ

“ಆ ಜಂತೆಗೆ ಕೈ ಹಾಕ್ಬ್ಯಾಡಿ ಬುದ್ಧಿ,” ಎಂದಳು ಕುಳ್ಳಮ್ಮ, ಹೊಸ್ತಿಲಿನ ಆಚೆಯೇ ನಿಂತು.

ರೇಣುಕಾಪ್ರಸಾದ್ ಏಣಿಯ ಮೇಲಿದ್ದ. ಹಲ್ಲಲ್ಲಿ ಪೆನ್ಸಿಲು, ಸೊಂಟದಲ್ಲಿ ಅಳತೆ ಟೇಪು. ತಿರುಗಿ ನೋಡಿದರೆ ಮುದುಕಿಯ ಮುಖ ಕಾಣಲಿಲ್ಲ, ಬೆನ್ನು ಕಂಡಿತು. ಕಾಡಂಚಿನ ಹಾಡಿಯಿಂದ ಹೊಗೆಸೊಪ್ಪು ಕಟ್ಟಲು ಬರುವ ಹೆಂಗಸರಲ್ಲಿ ಅವಳೇ ಹಿರಿಯಳು. ಸೊಂಟದಲ್ಲಿ ಮಡಚಿಟ್ಟ ಹಾಗೆ ಬಾಗಿದ್ದಳು. ಊರುಗೋಲಿನ ಮೇಲೆ ಎರಡು ಕೈ, ಕೈಗಳ ಮೇಲೆ ಗದ್ದ. ಆಡಿದ ಮಾತೆಲ್ಲ ನೆಲಕ್ಕೆ ಬಿದ್ದು ಅಲ್ಲಿಂದ ಮೇಲೆ ಬರಬೇಕಿತ್ತು.

“ಯಾಕಜ್ಜಿ, ಹಾಕಿದ್ರೆ ಕಚ್ತದಾ?”

“ಹಾಕೇ ಹಾಕ್ತೀನಿ ಅಂದ್ರೆ ನಾ ಏನ್ ಮಾಡಕ್ಕಾದದು. ಒಂದ್ ಮಾತ್ ಕೇಳ್ಸ್ಕಳಿ. ಕೆಲ್ಸ ಮುಗಿಯೋಗಂಟ ಈ ಕೋಣೇಲಿ ಮನ್ಸರ ಅಳತೆ ತಗೀಬ್ಯಾಡಿ. ಮರದ್ದು ತಕ್ಕಳಿ, ಗೋಡೇದು ತಕ್ಕಳಿ. ಮನ್ಸರದ್ದು ಬ್ಯಾಡ. ಒಂದ್ ರವಿಕೆಗೂ ಬ್ಯಾಡ.”

ಅವನು ಪೆನ್ಸಿಲು ತೆಗೆದು ನಕ್ಕ. “ಒಳ್ಳೇದಾಯ್ತು ಬುಡು. ನಿಂಗೊಂದು ರವಿಕೆ ಹೊಲಿಸಾನ ಅಂತಿದ್ದೆ. ಬಟ್ಟೆ ಉಳೀತು.”

ಮುದುಕಿ ನಗಲಿಲ್ಲ. ಅಡುಗೆಮನೆಯಲ್ಲಿ ರುಬ್ಬುತ್ತಿದ್ದ ಸದ್ದು ತಟಕ್ಕನೆ ನಿಂತಿತು. ಊರುಗೋಲು ಅಂಗಳದ ಕಲ್ಲಿನ ಮೇಲೆ ಟಕ್ ಟಕ್ ಎನ್ನುತ್ತ ದೂರವಾಗುವ ತನಕ ಆ ಸದ್ದು ಮತ್ತೆ ಶುರುವಾಗಲಿಲ್ಲ.

ಆ ಮನೆಗೆ ಅವನು ಹೊಸಬ. ಹುಣಸೂರಿನಲ್ಲಿ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿ ಇಟ್ಟಿದ್ದವನು. ರಸ್ತೆ ಅಗಲ ಮಾಡುವಾಗ ಅಂಗಡಿ ಹೋಯಿತು. ಅದೇ ವರ್ಷ ಮಾವ ಸಣ್ಣಬೀರಯ್ಯ ತೀರಿಕೊಂಡರು. ಪಿರಿಯಾಪಟ್ಟಣದಾಚೆಯ ಈ ಊರಿನಲ್ಲಿ ಹೊಗೆಸೊಪ್ಪಿನ ಹೊಲ, ಸೊಪ್ಪು ಬೇಯಿಸುವ ಬ್ಯಾರನ್ನು, ದೊಡ್ಡ ಹೆಂಚಿನ ಮನೆ ನೋಡಿಕೊಳ್ಳಲು ಜನ ಬೇಕೆಂದು ಅತ್ತೆ ಶಿವನಂಜಮ್ಮ ಮಗಳು ಪವಿತ್ರಳನ್ನು ಕರೆಸಿಕೊಂಡರು. ಹೆಂಡತಿಯ ಜೊತೆ ಅವನು ಬಂದ. ಹನ್ನೆರಡು ವರ್ಷದ ಅನುಶ್ರೀಯೂ ಬಂದಳು.

ಅಟ್ಟದ ಕೆಳಗಿನ ಕೋಣೆ ಅನುಶ್ರೀಗೆ ಎಂದು ಮೊದಲ ದಿನವೇ ಗೊತ್ತಾಗಿತ್ತು. ಕಿಟಕಿಯಿಲ್ಲದ ಕೋಣೆ. ನಡುಮಧ್ಯಾಹ್ನದಲ್ಲೂ ದೀಪ ಹಾಕಬೇಕು. ಗೋಡೆಯಿಂದ ಗೋಡೆಗೆ ಏಳು ಜಂತೆಗಳು ಮಲಗಿದ್ದವು. ಅವುಗಳ ಮೇಲೆ ಹಲಗೆ, ಹಲಗೆಯ ಮೇಲೆ ಒಂದು ಗೇಣು ಮಣ್ಣು. ಅದು ಅಟ್ಟದ ನೆಲ. ಪ್ರತಿವರ್ಷ ಬೇಯಿಸಿದ ಸೊಪ್ಪನ್ನು ಬೇಲು ಕಟ್ಟಿ, ಹರಾಜಿಗೆ ಹೋಗುವ ತನಕ ಇಡುತ್ತಿದ್ದದ್ದು ಅಲ್ಲೇ. ಏಳರಲ್ಲಿ ನಡುವಿನದು, ನಾಲ್ಕನೇ ಜಂತೆ, ಹೋದ ವರ್ಷದಿಂದ ಬಾಗುತ್ತ ಬಂದಿತ್ತು. ಮೂರು ಬೆರಳು ಇಳಿದಿತ್ತು. ಅದರ ನೇರ ಕೆಳಗೆ ಮಗಳ ಮಂಚ.

“ಕೆಳಗಿಂದ ಒಂದು ಕಂಬ ಕೊಟ್ಬುಡಿ ಅಳಿಯಂದ್ರೆ, ಸಾಕು. ತೆಗೆಯೋದೇನೂ ಬ್ಯಾಡ,” ಎಂದಿದ್ದರು ಶಿವನಂಜಮ್ಮ.

“ಕೋಣೆ ಮಧ್ಯ ಕಂಬ ನೆಟ್ರೆ ಮಗು ಓಡಾಡೋದೆಲ್ಲಿ ಅತ್ತೆ? ಒಂದು ಮರ ಬದಲಾಯ್ಸೋಕೆ ಎರಡು ದಿನ. ನೋಡ್ತಿರಿ.”

ಎರಡು ದಿನ ಎಂದಿದ್ದು ಹನ್ನೊಂದು ದಿನವಾಯಿತು.

ಮೊದಲ ದಿನ ಮಂಚ ಆಚೆ ಹಾಕಿ, ಜಂತೆ ಗೋಡೆಯೊಳಗೆ ಹೋಗುವ ಕಡೆ ಗಾರೆ ಕೆತ್ತಿದ. ಹಳೆಯ ಮಣ್ಣಿನ ವಾಸನೆ ಬರಬೇಕಿತ್ತು. ಬಂದದ್ದು ಬೆವರಿನ ವಾಸನೆ. ದಿನವಿಡೀ ಹೊಲದಲ್ಲಿ ಬಗ್ಗಿ ದುಡಿದ ಮೈಯ ಹುಳಿ ಬೆವರು. ಟಾರ್ಚು ಬಿಟ್ಟು ನೋಡಿದ. ಮರದ ಹೊಟ್ಟೆಗೆ ಒಂದು ಉದ್ದನೆಯ ಮೊಳೆ ಹೊಡೆದಿತ್ತು. ಮೊಳೆಗೆ ದಾರ ಸುತ್ತಿತ್ತು. ಎಣ್ಣೆ ಹಿಡಿದು ಕಪ್ಪಾಗಿದ್ದ ದಾರ, ನಡುನಡುವೆ ಗಂಟು, ಗಂಟಿನಲ್ಲಿ ಕೂದಲು. ಜಂತೆಯ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ಪಕ್ಕದಲ್ಲೇ ಬ್ಯಾರನ್ನಿನ ಒಲೆ ಉರಿಯುತ್ತದೆ, ಅದರ ಕಾವು ಎಂದುಕೊಂಡ.

ಇಕ್ಕಳ ಹಾಕಿ ಎಳೆದ. ಮೊಳೆ ಸುಲಭಕ್ಕೆ ಬರಲಿಲ್ಲ. ಬಂದಾಗ ಅಟ್ಟದ ಮೇಲಿಂದ ಯಾರೋ ಬಹಳ ಹೊತ್ತು ಹಿಡಿದಿದ್ದ ಉಸಿರು ಬಿಟ್ಟ ಹಾಗಾಯಿತು. ಮಣ್ಣು ಉದುರಿ ಕಣ್ಣಿಗೆ ಬಿತ್ತು. ಬೈದುಕೊಂಡು ಕೆಳಗಿಳಿದ. ದಾರವನ್ನು ಬಿಡಿಸಿ ನೋಡಿದರೆ ಅವನ ತಲೆಗಿಂತ ಎರಡು ಬೆರಳು ಉದ್ದವಿತ್ತು. ಅದನ್ನು ಒಯ್ದು ಬ್ಯಾರನ್ನಿನ ಒಲೆಗೆ ಹಾಕಿದ. ಕೂದಲು ಸುಟ್ಟ ವಾಸನೆ ಸಂಜೆಯ ತನಕ ಅಂಗಳದಲ್ಲೇ ನಿಂತಿತ್ತು.

ಹೊಸ ಮರ ತಂದವನು ಬೆಟ್ಟದಪುರದ ಬಡಗಿ ಮುದ್ದಯ್ಯ. ಒಳ್ಳೆಯ ಮತ್ತಿ ಮರ, ಒಣಗಿದ್ದು, ಒಂದು ಗಂಟಿಲ್ಲ. ಒಳಗೆ ಬಂದವನು ಇಳಿಸಿಟ್ಟ ಹಳೆಯ ಜಂತೆಯ ಮೊಳೆಯ ತೂತು ನೋಡಿದ. ಬೆರಳು ಹಾಕಿ ಮೂಸಿದ. ಉಳಿ, ಕೊಡತಿ ಮತ್ತೆ ಚೀಲಕ್ಕೆ ತುಂಬಿಕೊಂಡ.

“ಏನಾಯ್ತು ಮುದ್ದಯ್ಯ?”

“ನಂಗೆ ಬೇರೆ ಕಡೆ ಕೆಲ್ಸ ಅದೆ ಕಣ್ರೀ.”

“ಬೆಳಿಗ್ಗೆ ಇರ್ಲಿಲ್ವಾ ಆ ಕೆಲ್ಸ?”

“ಈಗ ಬಂತು.” ಅಂಗಳ ದಾಟಿ ತಿರುಗಿ ನಿಂತ. “ಮರ ಬದ್ಲಾಯ್ಸಿದ್ರೆ ಜಾಗ ಬದಲಾಗಲ್ಲ ಸ್ವಾಮಿ. ನಿಮ್ ಕೈಲಾಗದ ಕೆಲ್ಸ ಅಂತ ಹೇಳ್ತಿಲ್ಲ. ಯಾರ ಕೈಲೂ ಆಗಲ್ಲ.”

ರೇಣುಕಾಪ್ರಸಾದ್ ಒಬ್ಬನೇ ಮರ ಏರಿಸಿದ. ಲಾರಿಯ ಜಾಕಿ ಇಟ್ಟು, ಇಂಚಿಂಚೇ ಎತ್ತಿ, ಗೋಡೆಗೆ ಕೂರಿಸಿ, ರಸಮಟ್ಟ ಹಿಡಿದ. ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಕೈ ತೊಳೆದು ಊಟಕ್ಕೆ ಕೂತ. ಮುದ್ದೆ ಮುಗಿಸಿ ಬರುವಷ್ಟರಲ್ಲಿ ಮೂರು ಬೆರಳು ಬಾಗಿತ್ತು.

ಹಸಿ ಮರ ಕೊಟ್ಟು ಮೋಸ ಮಾಡಿದ ಎಂದು ಮುದ್ದಯ್ಯನನ್ನು ಬೈದ. ಮಾರನೆಯ ದಿನ ಅದರ ಪಕ್ಕಕ್ಕೆ ಇನ್ನೊಂದು ಮರ ಕೂಡಿಸಿ ಬೋಲ್ಟು ಬಿಗಿದ. ಸಂಜೆಗೆ ಎರಡೂ ಬಾಗಿದ್ದವು, ಮೂರು ಬೆರಳು. ಅಟ್ಟದ ಮಣ್ಣು ಅರ್ಧ ಗುಡಿಸಿ ಭಾರ ಕಡಿಮೆ ಮಾಡಿದ. ಮೂರು ಬೆರಳು. ತನ್ನ ಅಳತೆಯೇ ತಪ್ಪಿರಬೇಕೆಂದು ಬೇರೆ ಟೇಪು ತಂದ. ಬೇರೆ ರಸಮಟ್ಟ ತಂದ. ಕೊನೆಗೆ ತನ್ನ ಜೀವಮಾನದ ವಿದ್ಯೆಯನ್ನೇ ನಂಬಿ ಹುಣಸೂರಿನಿಂದ ಕಬ್ಬಿಣದ ಚಾನೆಲ್ ಹೊರಿಸಿಕೊಂಡು ಬಂದ. ಮೇಲೊಂದು ಟ್ರ್ಯಾಕ್ಟರ್ ನಿಲ್ಲಿಸಿದರೂ ತಡೆಯುವ ಕಬ್ಬಿಣ.

ಬೆಳಿಗ್ಗೆ ಕೂರಿಸಿದ. ಮಧ್ಯಾಹ್ನ ನೋಡಿದರೆ ಕಬ್ಬಿಣ ಬಾಗಿತ್ತು. ಹಸಿ ಬಿದಿರಿನ ಹಾಗೆ, ಮೆತ್ತಗೆ, ಮೂರು ಬೆರಳು.

ಅವನು ಜಾಕಿಯ ಸರಳನ್ನು ಗೋಡೆಗೆ ಎಸೆದ. ಗಾರೆ ಉದುರಿತು. “ಏನ್ ಬೇಕು ನಿಂಗೆ?” ಎಂದ, ಜಂತೆಗೆ. ಕೇಳಿದ್ದು ತಾನೇ ಎಂದು ತಿಳಿದು ನಾಚಿಕೆಯಾಯಿತು.

“ಸಾಕು ಬಿಡ್ರೀ,” ಎಂದಳು ಪವಿತ್ರ ಬಾಗಿಲಲ್ಲಿ. “ನಾಳೆ ಬ್ಯಾರನ್ ಇಳಿಸ್ಬೇಕು. ಹೊರಗಡೆ ಜಡಿಮಳೆ ಹಿಡಿದದೆ. ಸೊಪ್ಪು ಎಲ್ಲಿ ಇಡಾನ? ನಿಮ್ಮ ಲೆವೆಲ್ ಮೇಲಾ?”

ಅವನು ಜಂತೆಯ ನಡುವಿಗೆ ಒಂದು ಮರದ ಊರೆಗಂಬ ಕೊಟ್ಟ. ಹನ್ನೊಂದು ದಿನದ ಹಿಂದೆ ಅತ್ತೆ ಹೇಳಿದ್ದನ್ನೇ ಮಾಡುತ್ತಿದ್ದೇನೆಂಬ ಸಿಟ್ಟಿಗೆ ಸುತ್ತಿಗೆ ಎರಡು ಸಲ ಬೆರಳಿಗೇ ಬಿತ್ತು. ಕಂಬವೂ ಕಿರ್ ಎನ್ನುತ್ತ ನೆಲದ ಕಲ್ಲೊಳಗೆ ಇಳಿಯತೊಡಗಿತು.

ಆಗ ಅನುಶ್ರೀ ಓಡಿಬಂದಳು. ತನ್ನ ವಯಸ್ಸಿಗೆ ಉದ್ದನೆಯ ಹುಡುಗಿ. ನೆಟ್ಟಗೆ, ಜೋಳದ ಗಿಡದ ಹಾಗೆ. ಸ್ಕೂಲಿನಲ್ಲಿ ಎತ್ತರ ಜಿಗಿತದಲ್ಲಿ ಅವಳನ್ನು ಹಿಂದೆ ಹಾಕುವವರಿರಲಿಲ್ಲ. ಅಂಗಳದಲ್ಲಿ ಎರಡು ಗೂಟಕ್ಕೆ ಹಗ್ಗ ಕಟ್ಟಿಕೊಂಡು ದಿನಾ ಹಾರುತ್ತಿದ್ದಳು. ಕೈಯಲ್ಲಿ ಒಂದು ಫಾರಂ ಇತ್ತು.

“ಅಪ್ಪಾ, ತಾಲೂಕ್ ಲೆವೆಲ್‌ಗೆ ನನ್ ಹೆಸ್ರು ಕೊಡ್ತಾರಂತೆ. ಹೈಟ್ ಬರೀಬೇಕು. ಇವತ್ತೇ ಬೇಕಂತೆ ಪಿ.ಟಿ. ಮಾಸ್ಟ್ರಿಗೆ.”

“ಹೋಗೇ ಆ ಕಡೆ. ನೋಡು ಏನಾಗ್ತಾ ಇದೆ ಇಲ್ಲಿ.”

ಹುಡುಗಿ ಹೋಗಲಿಲ್ಲ. ಮುಖ ಸಣ್ಣದಾಯಿತು. ಅವನಿಗೆ ಮನಸ್ಸು ಕರಗಿತು. ಹನ್ನೊಂದು ದಿನದಿಂದ ಮಗಳೊಡನೆ ನೆಟ್ಟಗೆ ಒಂದು ಮಾತಾಡಿರಲಿಲ್ಲ.

“ಬಾ. ಈ ಕಂಬಕ್ಕೆ ಒರಗಿ ನಿಂತ್ಕೋ. ಹಿಮ್ಮಡಿ ಹಿಂದಕ್ಕೆ.”

ಪೆನ್ಸಿಲು ತೆಗೆದ. ಮುದುಕಿಯ ಮಾತು ನೆನಪಾಯಿತು. ನೆನಪಾಯಿತಲ್ಲ ಎಂಬ ಸಿಟ್ಟಿಗೇ, ಬೇಕೆಂದೇ, ಮಗಳ ನೆತ್ತಿಯ ಮೇಲೆ ಗೀಟನ್ನು ಒತ್ತಿ ಎಳೆದ. “ನಾಲ್ಕು ಅಡಿ ಹನ್ನೊಂದಿಂಚು. ಬರ್ಕೋ.”

ತಲೆಯ ಮೇಲೆ ಟಕ್ ಎಂದಿತು.

ಕಬ್ಬಿಣ ಮೇಲೇರುತ್ತಿತ್ತು. ಅವನು ಕಣ್ಣಾರೆ ಕಂಡ. ಒಂದು ಬೆರಳು, ಎರಡು, ಮೂರು. ರಸಮಟ್ಟದ ಗುಳ್ಳೆ ಮೆಲ್ಲಗೆ ಸರಿದು ನಡುವೆ ನಿಂತಿತು. ಕಂಬ ಸಡಿಲವಾಗಿ ಪಕ್ಕಕ್ಕೆ ವಾಲಿತು. ಅದನ್ನು ಹಿಡಿದು ತೆಗೆದ. ಜಂತೆ ಅಲ್ಲಾಡಲಿಲ್ಲ.

“ಕೂತ್ಕೊಂತು,” ಎಂದ ಅವನು. “ಕೂತ್ಕೊಂತು ಕಣೆ ಪವಿತ್ರಾ. ಗೋಡೇಲಿ ಸಿಕ್ಕಾಕೊಂಡಿತ್ತು ಅಂತ ಕಾಣ್ತದೆ. ಈಗ ಸರಿಯಾಗಿ ಕೂತ್ಕೊಂತು.”

ಅನುಶ್ರೀ ಹೆಗಲು ಮುಟ್ಟಿಕೊಂಡಳು. “ಅಪ್ಪಾ, ಭಾರ.”

“ಏನು ಭಾರ?”

“ಗೊತ್ತಿಲ್ಲ. ಬ್ಯಾಗ್ ಹಾಕ್ಕೊಂಡಂಗೆ.”

ಅವನು ಕೇಳಿಸಿಕೊಳ್ಳಲಿಲ್ಲ. ಜಂತೆಯನ್ನೇ ನೋಡುತ್ತಿದ್ದ.

ಮೊದಲ ವಾರ ಪವಿತ್ರ ಮಗಳನ್ನು ಗದರುತ್ತಿದ್ದಳು. ನೆಟ್ಟಗೆ ಕೂತ್ಕೋ. ಮೊಬೈಲ್ ನೋಡಿ ನೋಡಿ ಕತ್ತು ಬಾಗಿಸ್ಕೊಂಡಿದೀಯ. ಅಟ್ಟಕ್ಕೆ ಮೊದಲ ಬ್ಯಾರನ್ನಿನ ಸೊಪ್ಪು ಏರಿದ ಮೇಲೆ ಹುಡುಗಿ ಬೆಳಿಗ್ಗೆ ಹಾಸಿಗೆಯಿಂದ ಏಳಲು ಗೋಡೆ ಹಿಡಿಯುವಂತಾಯಿತು. ಅಂಗಳದ ಹಗ್ಗ ಗೂಟದಲ್ಲೇ ನೇತಾಡಿತು. ಹುಣಸೂರಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಎಲುಬಿನಲ್ಲಿ ಏನೂ ದೋಷವಿಲ್ಲ, ಬೆಳೆಯುವ ವಯಸ್ಸು, ಮಾತ್ರೆ ಕೊಡುತ್ತೇನೆ ಎಂದರು. ಮೈಸೂರಿನವರೂ ಅದನ್ನೇ ಹೇಳಿದರು. ಆಸ್ಪತ್ರೆಯಿಂದ ಆಸ್ಪತ್ರೆಗೆ ಬಸ್ಸು ಹತ್ತಿಳಿಯುವಾಗ ರೇಣುಕಾಪ್ರಸಾದ್ ಹಲ್ಲು ಕಚ್ಚಿಕೊಂಡಿದ್ದ. ಮರ ಆಯಿತು, ಈಗ ಮಗು. ಎಲ್ಲೆಲ್ಲೂ ಸರಿಯಾಗಿದೆ ಎನ್ನುತ್ತಾರೆ, ಎಲ್ಲವೂ ಬಾಗುತ್ತದೆ.

ಕುಳ್ಳಮ್ಮ ಕೆಲಸಕ್ಕೆ ಬರುವುದು ನಿಂತುಹೋಗಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಶಿವನಂಜಮ್ಮ ಮಾತ್ರ ಗಮನಿಸಿದ್ದರು. ಮೊಮ್ಮಗಳ ಬೆನ್ನು ಕಂಡ ದಿನದಿಂದ ಅವರು ಆ ಕೋಣೆಯ ಕಡೆ ತಿರುಗಿರಲಿಲ್ಲ.

ಒಂದು ದಿನ ಮಳೆ ಬಿಟ್ಟು ಬಿಸಿಲು ಬಂದಿತ್ತು. ಎರಡನೇ ಬ್ಯಾರನ್ನಿನ ಬೇಲುಗಳನ್ನು ಇಬ್ಬರು ಆಳುಗಳು ಹಗ್ಗ ಹಾಕಿ ಅಟ್ಟಕ್ಕೆ ಎಳೆಯುತ್ತಿದ್ದರು. ಬೆಂದ ಸೊಪ್ಪಿನ ಬೆಲ್ಲದಂಥ ವಾಸನೆ ಮನೆ ತುಂಬಿತ್ತು. ರೇಣುಕಾಪ್ರಸಾದ್ ಅಂಗಳದಲ್ಲಿ ಎಣಿಸುತ್ತ ನಿಂತಿದ್ದ. ಅನುಶ್ರೀ ಜಗಲಿಯ ಮೇಲೆ ಆಳುಗಳಿಗೆ ನೀರಿನ ಚೊಂಬು ತರುತ್ತಿದ್ದಳು.

ಮೇಲೆ ಧಪ್ ಎಂದಿತು. ಹುಡುಗಿಯ ಮೊಣಕಾಲು ಕುಸಿದವು.

ಅವಳು ಎದ್ದು ಸುಧಾರಿಸಿಕೊಂಡಳು. ಮತ್ತೆ ಧಪ್. ಬೆನ್ನು ಬಾಗಿತು. ಚೊಂಬು ಉರುಳಿತು. ಮತ್ತೆ ಧಪ್. ಹುಡುಗಿ ಎರಡೂ ಅಂಗೈ ನೆಲಕ್ಕೆ ಊರಿದಳು.

“ನಿಲ್ಸಿ,” ಎಂದ ಅವನು. “ನಿಲ್ಸಿ. ಇಳಿಸಿ. ಎಲ್ಲಾನೂ ಇಳಿಸಿ.”

“ಈಗ್ತಾನೆ ಏರ್ಸಿದ್ದಲ್ಲ ಸಾಮಿ?”

“ಇಳಿಸ್ರಲಾ.”

ಒಂದು ಬೇಲು ಕೆಳಗೆ ಬಂತು. ಅನುಶ್ರೀ ತಲೆ ಎತ್ತಿದಳು. ಎರಡು ಬಂದವು. ಮೊಣಕಾಲಿನ ಮೇಲೆ ಕೂತಳು. ಅಟ್ಟ ಖಾಲಿಯಾಗುವ ಹೊತ್ತಿಗೆ ಎದ್ದು ನಿಂತಳು. ಪೂರ್ತಿ ಅಲ್ಲ. ಅಟ್ಟದ ಮಣ್ಣು, ಹಲಗೆ, ಅದರಾಚೆಗಿನ ಮಾಡು ಇನ್ನೂ ಮೇಲಿದ್ದವು.

ಅವನು ಒಳಗೆ ಓಡಿದ. ಊರೆಗಂಬ ಮೂಲೆಯಲ್ಲಿತ್ತು. ಗೀಟು ಅದರ ಮೇಲೆ ಅವತ್ತು ಎಳೆದ ಹಾಗೇ ಇತ್ತು. ಉಳಿ ಹಾಕಿ ಕೆತ್ತಿದ. ಕಂಬವನ್ನೇ ಎಳೆದುಕೊಂಡು ಹೋಗಿ ಬ್ಯಾರನ್ನಿನ ಒಲೆಗೆ ನೂಕಿದ. ಬೂದಿಯಾಯಿತು. ಮಗಳ ಬೆನ್ನು ಹಾಗೇ ಇತ್ತು. ಕತ್ತರಿಸುವ ಮೆಷಿನ್ ತಂದು ಏಣಿ ಹತ್ತಿ ಕಬ್ಬಿಣಕ್ಕೆ ಹಿಡಿದ. ಕಿಡಿ ಹಾರಿತು. ಅಂಗಳದಲ್ಲಿ ಅನುಶ್ರೀ ಕಿರುಚಿದಳು. ಅಂಥ ಕೂಗನ್ನು ಅವನು ಯಾವ ಪ್ರಾಣಿಯ ಬಾಯಲ್ಲೂ ಕೇಳಿರಲಿಲ್ಲ. ಮೆಷಿನ್ ಕೈಬಿಟ್ಟ.

ಏಣಿಯ ಬುಡದಲ್ಲಿ ಶಿವನಂಜಮ್ಮ ನಿಂತಿದ್ದರು.

“ಕುಯ್ಬ್ಯಾಡಿ. ಅದು ಮುರಿದು ಬಿದ್ರೆ ಹೊತ್ತವರ ಮೇಲೇ ಬೀಳೋದು. ಅವ್ರು ಎಲ್ಲೇ ಇರ್ಲಿ.”

“ನಿಮಗೆ ಗೊತ್ತಿತ್ತು.”

“ಈ ಅಟ್ಟ ಕಟ್ಟಿದ ವರ್ಷ ನಾನು ಹೊಸ ಸೊಸೆ. ಎಷ್ಟ್ ಸಲ ಹಾಕಿದ್ರೂ ಆ ಜಂತೆ ನಿಲ್ಲಲಿಲ್ಲ. ನಿಮ್ಮ ಮಾವ ಬಾವಲಿ ಕಡೆಯಿಂದ ಮಾಟ ಮಾಡೋ ಒಬ್ಬನ್ನ ಕರೆಸಿದ್ರು. ಮೊದ್ಲು ಕುರೀದು ಅಳತೆ ಕೊಟ್ಟು ನೋಡಿದ. ಒಂದು ದಿನ ತಡೀತು, ಕುರಿ ಸತ್ತೋಯ್ತು. ಹೊರೋಕೆ ಮನ್ಸರೇ ಬೇಕು ಅಂದ. ಅವಳ ಎತ್ತರದ ದಾರ ತಗೊಂಡು ಮೊಳೆಗೆ ಕಟ್ಟಿದ.”

“ಕುಳ್ಳಮ್ಮಂದು.”

“ಹೋದ ವರ್ಷ ಅವಳಿಗೆ ಕಾಯಿಲೆ ಆಯ್ತು. ಆವಾಗಿಂದ ಜಂತೆ ಇಳೀತು. ಅದ್ಕೇ ಕಂಬ ಕೊಡಿ ಸಾಕು ಅಂದೆ.”

“ಆ ದಾರ ಸುಟ್ಟಾಯ್ತು ಅತ್ತೆ. ಅವಳು ಬಿಡಿಸ್ಕೊಂಡ್ಲು. ಇದನ್ನೂ ಬಿಡಿಸೋದು ಹೆಂಗೆ ಅಷ್ಟು ಹೇಳಿ.”

“ದಾರ ಅವನು ಕಟ್ಟಿದ್ದು. ಕಟ್ಟಿದ್ದನ್ನ ಬಿಚ್ಚಬೋದಾಗಿತ್ತು. ನೀವು ಕಟ್ಟಲಿಲ್ಲ. ಕೊಟ್ರಿ. ಕೊಟ್ಟದ್ದು ಬಿಡಲ್ಲ. ಅದರ ಕೆಳಗೆ ಇನ್ನೊಬ್ಬರ ಅಳತೆ ತೆಗೆದ್ರೆ ಮಾತ್ರ ಇದನ್ನ ಬಿಟ್ಟು ಅವ್ರನ್ನ ಹಿಡೀತದೆ.” ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು ತಗ್ಗಿದ ದನಿಯಲ್ಲಿ ಹೇಳಿದರು, “ಅವಳನ್ನೇ ಕರ್ಕೊಂಡು ಬನ್ನಿ. ನಲ್ವತ್ತು ವರ್ಷ ಹೊತ್ತೋಳಿಗೆ ರೂಢಿ ಇರ್ತದೆ. ಇನ್ನೆಷ್ಟು ದಿನ ಬದುಕ್ತಾಳೆ.”

ಅವನು ಬೈಕು ಹತ್ತಿದ. ಟೇಪು ಜೇಬಿನಲ್ಲಿತ್ತು.

ಹಾಡಿಯಲ್ಲಿ ಒಬ್ಬಳು ಎತ್ತರದ ಹೆಂಗಸು ಗುಡಿಸಲ ಸೂರಿಗೆ ಎರಡೂ ಕೈ ಚಾಚಿ ಹುಲ್ಲು ಬಿಗಿಯುತ್ತಿದ್ದಳು. ಕುಳ್ಳಮ್ಮನ ಮನೆ ಯಾವುದು ಎಂದು ಅವಳನ್ನೇ ಕೇಳಿದ. ಅವಳು ತಿರುಗಿದಳು. ಆ ಮುಖವನ್ನು ಅವನು ಸರಿಯಾಗಿ ನೋಡಿದ್ದು ಅದೇ ಮೊದಲು. ಅವನಿಗಿಂತ ಎರಡು ಬೆರಳು ಎತ್ತರವಿದ್ದಳು.

ಅವಳ ಕಣ್ಣು ಟೇಪಿದ್ದ ಅವನ ಜೇಬಿನ ಮೇಲಿತ್ತು. ಹಿಂದೆ ಸರಿದು ಗೋಡೆಗೆ ಆತುಕೊಂಡಳು.

“ಮಗೀನಾ?” ಎಂದಳು.

ಅವನು ತಲೆಯಾಡಿಸಿದ.

“ನಾ ಹೇಳಿದ್ದೆ.”

“ಹೇಳಿದ್ದೆ ಕುಳ್ಳವ್ವ.”

“ಬೆನ್ನು ನೆಟ್ಟಗಾದ್ ದಿನ್ವೇ ಗೊತ್ತಾಯ್ತು, ದಾರ ತೆಗುದ್ರಿ ಅಂತ. ಬಂದು ಇನ್ನೊಂದ್ಸಲ ಹೇಳ್ಬೇಕಾಗಿತ್ತು. ಬರ್ನಿಲ್ಲ. ಬಂದ್ರೆ ಮತ್ತೆ ಹಿಡ್ಕತೀರ ಅಂತ ಹೆದ್ರುಕಂಡೆ.” ಕೈಯಲ್ಲಿದ್ದ ಹುಲ್ಲನ್ನು ಕೆಳಗೆ ಹಾಕಿದಳು. “ಅವತ್ತು ನಿಮ್ಮ ಮಾವ ಎತ್ತಿನ್ ಗಾಡೀಲಿ ಬಂದಿದ್ರು. ನಂಗೆ ಇಪ್ಪತ್ತೂ ಆಗಿರ್ನಿಲ್ಲ. ಚೆಂದಾಗಿ ಸೊಪ್ಪು ಕಟ್ತೀಯ, ಹೊಸ ರವಿಕೆ ಹೊಲಿಸ್ಕೊಡ್ತೀನಿ, ಬಾ, ಅಳತೆ ಕೊಡು ಅಂದ್ರು.”

ರೇಣುಕಾಪ್ರಸಾದನಿಗೆ ಏಣಿಯ ಮೇಲೆ ನಿಂತು ತಾನಾಡಿದ ಮಾತು ನೆನಪಾಯಿತು.

“ರವಿಕೆ ಬಂತಾ?”

“ಬಂತು. ಬೆನ್ ಬಾಗಿದ್ಮೇಲೆ ಮೈಗೆ ಹಿಡೀನಿಲ್ಲ.” ಅವಳು ಗೋಡೆ ಬಿಟ್ಟು ನೆಟ್ಟಗೆ ನಿಂತಳು. “ನಲ್ವತ್ ವರ್ಸ ಬುದ್ಧಿ. ಅಂಗಾತ ಮಲಗಿದ್ದಿಲ್ಲ. ಚುಕ್ಕಿ ನೋಡಿದ್ದಿಲ್ಲ. ನಾ ಬರಕ್ಕಿಲ್ಲ. ಕಾಲ್ ಹಿಡಿದ್ರೂ ಬರಕ್ಕಿಲ್ಲ. ಎಳ್ಕಂಡ್ ಹೋಗ್ತೀರಾ?”

ಜೇಬಿನಲ್ಲಿ ಟೇಪು ಬೆಚ್ಚಗಾಗಿತ್ತು. ಮರದಂತೆ, ಮೈಯಂತೆ. ಎಳೆದುಕೊಂಡು ಹೋಗಬಹುದಿತ್ತು. ಹಾಡಿಯಲ್ಲಿ ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ. ಮೈಯಲ್ಲಿ ಶಕ್ತಿಯಿತ್ತು, ಮನೆಯಲ್ಲಿ ಮಗಳಿದ್ದಳು. ಒಂದು ಹೆಜ್ಜೆ ಮುಂದಿಟ್ಟ. ಮುದುಕಿ ಹಿಂದೆ ಸರಿಯಲಿಲ್ಲ, ಅವನ ಕಣ್ಣನ್ನೇ ನೋಡಿದಳು. ಎದುರಿಗೆ ನಿಂತವರ ಕಣ್ಣು ನೋಡುವುದು ಅವಳಿಗೆ ಎಷ್ಟು ಹೊಸದೆಂದು ಆಗ ಅವನಿಗೆ ಹೊಳೆಯಿತು.

“ಇಲ್ಲ,” ಎಂದ. “ನಾನು ಬತ್ತೀನಿ.”

ಮನೆಗೆ ಬಂದಾಗ ಮೋಡ ಕವಿದಿತ್ತು. ಕರೆಂಟು ಹೋಗಿತ್ತು. ಕೋಣೆಯೊಳಗೆ ಹೊತ್ತು ಮುಳುಗುವ ಮೊದಲೇ ಕತ್ತಲು. ಜಂತೆಯ ಕೆಳಗೆ ಹೊಸ ಊರೆಗಂಬ ನಿಲ್ಲಿಸಿದ. ಒರಗಿ ನಿಂತು, ತನ್ನ ನೆತ್ತಿಯ ಮೇಲೆ ತಾನೇ ಗೀಟು ಎಳೆದ. ಏನೂ ಆಗಲಿಲ್ಲ. ಇನ್ನೊಂದು ಸಲ ಎಳೆದ. ಏನೂ ಇಲ್ಲ. ತನ್ನದನ್ನು ತಾನೇ ಅಳೆದುಕೊಂಡರೆ ಅದು ತೆಗೆದುಕೊಳ್ಳುವುದಿಲ್ಲ. ಬೇರೆಯ ಕೈ ಬೇಕು.

“ಪವಿತ್ರಾ. ಬಾ ಇಲ್ಲಿ. ಪೆನ್ಸಿಲ್ ತಗೋ.”

ಅವಳು ಎಲ್ಲವನ್ನೂ ತಾಯಿಯ ಬಾಯಿಂದ ಕೇಳಿಯಾಗಿತ್ತು.

“ನನ್ ಕೈಲಾಗಲ್ಲ ರೀ.”

“ಆಗ್ತದೆ. ಒಂದು ಗೀಟು ಅಷ್ಟೇ.”

“ಅವ್ವಂದು ಎಳೀತೀನಿ. ಅವ್ವನ್ನ ನಿಲ್ಸಿ. ಈ ಮನೆ ಪಾಪ ಅವಳದು.”

ಬಾಗಿಲಲ್ಲಿದ್ದ ಶಿವನಂಜಮ್ಮ ತಟ್ಟನೆ ಹೊಸ್ತಿಲಿನ ಆಚೆಗೆ ಸರಿದರು. ಕುಳ್ಳಮ್ಮ ನಿಂತಿದ್ದ ಜಾಗಕ್ಕೇ ಸರಿದರು. ಅಲ್ಲಿಂದ ಒಳಗೆ ಬರಲಿಲ್ಲ.

“ಎಳೆದುಕೊಂಡು ಬಂದು ನಿಲ್ಲಿಸೋ ಕೆಲ್ಸ ಈ ಮನೇಲಿ ಒಂದ್ಸಲ ಆಗಿದೆ,” ಎಂದ ಅವನು. “ಸಾಕು. ಅಳತೆ ಕೊಟ್ಟೋನು ನಾನು. ಎಳಿ.”

ಹೊರಗೆ ಅನುಶ್ರೀ ನರಳಿದಳು. ಪವಿತ್ರ ಕಣ್ಣು ಮುಚ್ಚಿಕೊಂಡಳು. ಪೆನ್ಸಿಲು ಅವನ ನೆತ್ತಿಗೆ ತಾಗಿತು. ತಣ್ಣಗಿತ್ತು. ಗೀಟು ಎಳೆಯುವ ಸದ್ದು ಕೇಳಿಸಿತು. ಸಣ್ಣ ಸದ್ದು. ಇಲಿ ಕೆರೆದ ಹಾಗೆ.

ಟಕ್.

ಬೆವರಿನ ವಾಸನೆ. ಕುಳ್ಳಮ್ಮನದು. ಮಗಳದು. ಈಗ ತನ್ನದು. ಹೆಗಲ ಮೇಲೆ ಏನೋ ಕೂತಿತು. ಮೆಲ್ಲಗೆ. ಆಮೇಲೆ ಇನ್ನಷ್ಟು. ಹಲಗೆ. ಮಣ್ಣು. ಮಾಡು. ಹೆಂಚು. ಒಂದೊಂದು ಹೆಂಚೂ ಬೇರೆಬೇರೆಯಾಗಿ ಕೂತಿತು. ಸೊಂಟ ಮಡಚಿತು. ಕಣ್ಣೆದುರಿಗಿದ್ದ ಪವಿತ್ರಳ ಮುಖ ಮೇಲಕ್ಕೆ ಹೋಯಿತು. ಕತ್ತು ಹೋಯಿತು. ಸೀರೆಯ ಅಂಚು ಬಂತು. ಪಾದ ಬಂತು. ನೆಲ ಬಂತು. ಅಲ್ಲಿಗೆ ನಿಂತಿತು.

ಅಂಗಳದಲ್ಲಿ ಬರಿಗಾಲಿನ ಸದ್ದು ಕೇಳಿಸಿತು. ಓಡುವ ಸದ್ದು.

ಮಳೆಗಾಲ ಪೂರ್ತಿ ಪವಿತ್ರ ಅಟ್ಟಕ್ಕೆ ಒಂದು ಎಲೆಯನ್ನೂ ಏರಿಸಲು ಬಿಡಲಿಲ್ಲ. ಜಗಲಿಯಲ್ಲಿಟ್ಟ ಬೇಲುಗಳಿಗೆ ಬೂಸ್ಟು ಹಿಡಿಯತೊಡಗಿತು. ವರ್ಷದ ಬೆಳೆ. ಕೊನೆಗೆ ಅವನೇ ಹೇಳಿದ: “ಹತ್ತು ಇಡ್ಸು. ಹತ್ತು ತಡೀತೀನಿ. ಹನ್ನೊಂದು ಬೇಡ.” ಅಟ್ಟದ ನೆಲ ನೋಡಿದವರೆಲ್ಲ ಹೊಗಳಿದರು. ಎಂಥ ಕೆಲಸಗಾರ, ಕೂದಲೆಳೆಯಷ್ಟೂ ಇಳಿದಿಲ್ಲ ಎಂದರು. ಶಿವನಂಜಮ್ಮ ಅವನ ಎದುರಿಗೆ ಬರುತ್ತಿರಲಿಲ್ಲ. ಅವರು ಹತ್ತಿರ ಸುಳಿದರೆ ಉಂಗುರವಿಲ್ಲದ ಕಾಲ್ಬೆರಳಿನಿಂದ ಅವನಿಗೆ ತಿಳಿಯುತ್ತಿತ್ತು. ಈಗ ಎಲ್ಲರನ್ನೂ ಕಾಲಿನಿಂದಲೇ ಗುರುತು ಹಿಡಿಯುತ್ತಿದ್ದ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೊಸ್ತಿಲಿನಾಚೆ ಎರಡು ಒಡೆದ ಹಿಮ್ಮಡಿ ಬಂದು ನಿಂತವು.

“ಬುದ್ಧಿ, ಇದ್ನ ತಕ್ಕಳಿ.”

ಹಳೆಯ ಊರುಗೋಲು. ಹಿಡಿಯುವ ಕಡೆ ನಲವತ್ತು ವರ್ಷದ ಅಂಗೈಗೆ ಸವೆದು ಗುಳಿಬಿದ್ದಿತ್ತು. ಅವನ ಕೈ ಅದರಲ್ಲಿ ಸರಿಯಾಗಿ ಕೂತಿತು.

“ಒದ್ದೆ ಸೊಪ್ ಏರಿಸ್ಬ್ಯಾಡಿ ಅನ್ನಿ ಅವ್ವಾರ್ಗೆ. ಒದ್ದೇದು ಬೋ ಭಾರ. ಒಣಗಿದ್ದಾದ್ರೆ ಹೊರ್ಬೋದು. ಎಡಗಡೆ ಮಲಗಿ, ಮೊಣಕಾಲ್ ಮಧ್ಯ ಒಂದ್ ದಿಂಬಿಕ್ಕಳಿ. ಹರಾಜು ಮುಗ್ದು ಅಟ್ಟ ಖಾಲಿಯಾದ ಮೇಲೆ, ಮೊದ್ಲ ಮಳೆ ಬಂದು ಹೆಂಚು ನೆನೆಯೋಗಂಟ, ಸ್ವಲ್ಪ ತಲೆ ಎತ್ಬೋದು. ದೂರ ಅಲ್ಲ. ಆ ಬೇಲಿಗಂಟ ಕಾಣ್ತದೆ.”

“ಚುಕ್ಕಿ?”

“ಚುಕ್ಕಿ ಕಾಣಕ್ಕಿಲ್ಲ.” ಹಿಮ್ಮಡಿಗಳು ಅರ್ಧ ತಿರುಗಿ ನಿಂತವು. “ಒಂದ್ ತಟ್ಟೇಲಿ ನೀರಿಟ್ಕಂಡ್ ನೋಡಿ. ನಾನಂಗೇ ನೋಡ್ತಿದ್ದೆ.”

ಅವಳು ಹೋದ ಮೇಲೆ ಅವನು ಊರುಗೋಲು ಹಿಡಿದು ಅಂಗಳಕ್ಕೆ ಬಂದ. ಎದುರಿಗೆ ಎರಡು ಗೂಟ ಕಂಡವು. ಹಗ್ಗ ಕಾಣಲಿಲ್ಲ, ಅದು ಅವನ ಕಣ್ಣಿಗಿಂತ ಮೇಲಿತ್ತು. ಮಗಳ ಬರಿಗಾಲು ದೂರದಿಂದ ಓಡಿಬಂದವು. ನೆಲ ಒದ್ದು ಮೇಲೆದ್ದವು. ಕಣ್ಣಿಂದ ಮರೆಯಾದವು. ಅವನು ಉಸಿರು ಹಿಡಿದ. ಖಾಲಿ ನೆಲ. ಇನ್ನೂ ಖಾಲಿ ನೆಲ. ಆಮೇಲೆ ಎರಡೂ ಪಾದ ಧೂಳೆಬ್ಬಿಸಿಕೊಂಡು ಆಚೆಗೆ ಬಿದ್ದವು.

“ಎಷ್ಟಾಯ್ತಪ್ಪ? ಟೇಪ್ ತರ್ಲಾ?”

“ಅಳೀಬೇಡ ಮಗಳೇ,” ಎಂದ ರೇಣುಕಾಪ್ರಸಾದ್, ನೆಲಕ್ಕೆ. “ಇನ್ನೊಂದ್ಸಲ ಹಾರು.”